ಅರ್ಧ ಲೋಟದ ತವರು

ಗುರುಶಾಂತಮ್ಮನಿಗೆ ಅನುಮಾನ ಅನ್ನುವುದು ಹಸಿವಿದ್ದ ಹಾಗೆ. ಹೊತ್ತು ಹೊತ್ತಿಗೆ ಬರಬೇಕು, ಬಂದ ಮೇಲೆ ಅದಕ್ಕೆ ಏನಾದರೂ ಹಾಕಬೇಕು. ಹಾಲಿನವನು ನೀರು ಬೆರೆಸುತ್ತಾನೆ, ಸೊಸೆ ಉಷಾರಾಣಿ ತವರಿಗೆ ಫೋನ್ ಹಚ್ಚಿ ಮನೆಯ ಗುಟ್ಟು ಹೇಳುತ್ತಾಳೆ, ಹಿತ್ತಲ ಶೆಡ್ಡಿನಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ಜಿಪ್ಪು ಕದಿಯುತ್ತಾರೆ, ಹೀಗೆ ದಿನಕ್ಕೊಂದು. ಗಂಡ ಕೊಟ್ರಬಸಪ್ಪ, ‘ನಿನ್ನ ಠಾಣೆದಾಗ ಕುಂದ್ರಿಸಿದ್ರ ರಾಯದುರ್ಗದಾಗ ಕಳ್ಳರ ಇರ್ತಿದ್ದಿಲ್ಲ ನೋಡು’ ಎಂದು ನಗುತ್ತಿದ್ದ.

ಆಷಾಢದ ಆ ಬೆಳಿಗ್ಗೆ ಮಾತ್ರ ಅವಳು ಯಾವ ಅನುಮಾನವನ್ನೂ ಇಟ್ಟುಕೊಂಡಿರಲಿಲ್ಲ, ಪಾಪ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಫ್ರಿಜ್ಜಿನ ಐಸ್ ಪೆಟ್ಟಿಗೆಗೆ ಕೈ ಹಾಕಿದಳು. ಬಟಾಣಿ ಪೊಟ್ಟಣದ ಹಿಂದೆ ಒಂದು ಹೊಸ ಡಬ್ಬಿ. ತೆರೆದಳು. ಒಳಗೆ ಬಿಳಿ ಇಲಿಗಳು, ಬಾಲ ಸಮೇತ, ಸೆಟೆದು ಮಲಗಿದ್ದವು.

‘ಶಿವನ! ಶಿವನ! ಯಾವ ಹಾಳಾದವರು ಇಟ್ಟಿದ್ದು ಇದನ್ನ? ಲಿಂಗ ಕಟ್ಟಿದವರ ಮನಿ ಏನ್ರೋ ಇದು, ಕಟುಗರ ಅಂಗಡಿಯೋ?’

ಮನೆಯೆಲ್ಲ ಓಡಿ ಬಂತು. ಮಗ ಸಿದ್ದರಾಮೇಶ್ ಬಾಯಲ್ಲಿ ಬ್ರಶ್ ಕಚ್ಚಿಕೊಂಡೇ ಬಂದ. ಉಷಾರಾಣಿ ಡಬ್ಬಿ ನೋಡಿದವಳೇ, ‘ನಾ ಅಲ್ರಿ ಅತ್ತಿ’ ಅಂದಳು.

‘ಕೇಳೂ ಮೊದ್ಲ ಅಲ್ಲ ಅಂತಿ ಅಂದ್ರ ನಿನಗ ಗೊತ್ತೈತಿ ಅಂತಾತು.’

‘ಅಯ್ಯ, ಇದ್ದದ್ದು ಹೇಳಿದ್ರೂ ತಪ್ಪೇನ್ರಿ?’

ಮಗಳು ಅಂಜನಾ ಹಿಂದಿನಿಂದ ನಿಧಾನಕ್ಕೆ ಬಂದು ಡಬ್ಬಿ ತೆಗೆದುಕೊಂಡಳು. ಬಸ್ ಸ್ಟ್ಯಾಂಡಿನ ಹತ್ತಿರದ ಪಶು ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಕುರಿ ಜಂತುವಿನ ಔಷಧಿ ಮಾರಿ ಮಾರಿ ಅಸಹ್ಯ ಅನ್ನುವುದೇ ಹೋಗಿತ್ತು. ‘ನಂದು ಅವ್ವ. ಹಾವಿಗೆ ತಂದದ್ದು. ಮ್ಯಾಲಿನ ರೂಮಿನಾಗ ಐತಿ.’

ಮೇಲೆ ಹಳೆ ಹೊಲಿಗೆ ಯಂತ್ರಗಳನ್ನು ಒಟ್ಟಿದ ರೂಮಿನಲ್ಲಿ, ಗಿಡ್ಡನೆಯ ಗಾಜಿನ ಪೆಟ್ಟಿಗೆಯೊಳಗೆ ಅದು ಸುತ್ತಿಕೊಂಡು ಮಲಗಿತ್ತು. ಬಂಗಾರದ ಬಣ್ಣದ ದಪ್ಪ ಮೈ, ಅದರ ಮೇಲೆ ಜೇಡರ ಬಲೆಯಂಥ ತೆಳು ಕಪ್ಪು ಗೆರೆ. ವಿಷವಿಲ್ಲದ್ದು, ಆಫ್ರಿಕಾದ ತಳಿ, ಸರಕಾರದಲ್ಲಿ ನೋಂದಣಿ ಆಗಿದೆ, ಹೆಸರು ಚಿನ್ನಾರಿ ಎಂದು ಅಂಜನಾ ಒಂದೇ ಉಸಿರಿಗೆ ಹೇಳಿದಳು. ಗುರುಶಾಂತಮ್ಮ ಅದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ. ಅವಳಿಗೆ ಬೇಕಾಗಿದ್ದು ಒಂದೇ.

‘ಯಾರು ಕೊಟ್ರು?’

‘ಬೇಕಾದವರು.’

‘ಬೇಕಾದವರಿಗೆ ಹೆಸರಿಲ್ಲೇನು?’

ಅಂಜನಾ ಬಗ್ಗಿ ಪೆಟ್ಟಿಗೆಯ ಗಾಜು ಒರೆಸತೊಡಗಿದಳು. ಅಲ್ಲಿಗೆ ಮುಗಿಯಿತು, ಗುರುಶಾಂತಮ್ಮನ ಅನುಮಾನಕ್ಕೆ ಹಬ್ಬದೂಟ ಸಿಕ್ಕಿತು. ಶ್ರಾವಣದಲ್ಲಿ ಮಡಕಶಿರಾದಿಂದ ಅವಳ ಅಣ್ಣ ದೊಡ್ಡಬಸಪ್ಪ ಬರುವವನಿದ್ದ. ಅವನ ಮಗ ಭರತ್‌ಗೆ ಅಂಜನಾಳನ್ನು ಗೊತ್ತು ಮಾಡಿ, ಉಡಿ ತುಂಬಿ ಹೋಗುವುದೆಂದು ಮಾತಾಗಿತ್ತು. ಸೋದರಿಕೆಯ ಸಂಬಂಧ, ಹಳೆ ಕರುಳು ಹೊಸದಾಗುವ ಸಂಬಂಧ. ಅದರ ನಡುವೆ ಹೆಸರಿಲ್ಲದ ಒಬ್ಬ ಹುಡುಗ ತನ್ನ ಮಗಳಿಗೆ ಹಾವು ಕೊಡುತ್ತಾನೆಂದರೆ ಏನರ್ಥ?

ಕೊಟ್ರಬಸಪ್ಪ ಪಂಚಾಯಿತಿ ಮಾಡಿದ. ‘ಇಲಿ ಫ್ರಿಜ್ಜಿನಾಗ ಬ್ಯಾಡ. ಶೆಡ್ಡಿನಾಗ ಥರ್ಮಾಕೋಲ್ ಪೆಟ್ಟಿಗಿ ಐತಿ, ಐಸ್ ಹಾಕಿ ಅಲ್ಲಿಡು. ಹಾವು ಇರಲಿ ಬಿಡು. ಶಿವನ ಕೊಳ್ಳಾಗ ಇರೋದು ನಮ್ಮ ಮನ್ಯಾಗ ಇದ್ರ ಏನಾತು?’

‘ಶಿವ ಅದಕ್ಕ ಇಲಿ ತಿನ್ನಿಸಿದ್ದನೇನು?’

‘ಅದು ನನಗ ಗೊತ್ತಿಲ್ಲ. ಚಾ ಕೊಡು ಮೊದ್ಲು. ತುಂಬ ಕೊಡು, ಮಡಕಶಿರಾದ ಲೆಕ್ಕದಾಗ ಬ್ಯಾಡ.’

ಇದು ಆ ಮನೆಯ ಹಳೆ ಚೇಷ್ಟೆ. ಗುರುಶಾಂತಮ್ಮನ ತವರಿನಲ್ಲಿ ಯಾರಿಗೂ ಲೋಟ ತುಂಬಿಸಿ ಕೊಡುವ ಪದ್ಧತಿಯಿಲ್ಲ. ನೀರೂ ಅರ್ಧ, ಚಹಾನೂ ಅರ್ಧ, ಬೇಕಾದರೆ ಎರಡು ಸಲ ಕೇಳಿ ಕುಡಿಯಬೇಕು. ತುಂಬಿದ ಲೋಟ ದುರಾಸೆ ಎಂದು ಅವಳ ಅಪ್ಪ ಹೇಳುತ್ತಿದ್ದ. ಮದುವೆಯಾಗಿ ಬಂದ ದಿನವೇ ಕೊಟ್ರಬಸಪ್ಪ ಇದನ್ನು ಹಿಡಿದು, ‘ನಿಮ್ಮವರು ಬಲು ಜಿಪುಣರು’ ಎಂದಿದ್ದ. ಮೂವತ್ತು ವರ್ಷವಾದರೂ ಬಿಟ್ಟಿರಲಿಲ್ಲ. ಅವಳು ಅವನಿಗೆ ತುಂಬಿಸಿ ಕೊಟ್ಟು, ತನಗೆ ಅರ್ಧವೇ ಹಾಕಿಕೊಂಡಳು. ಎರಡೂ ಕೈಯಲ್ಲಿ ಲೋಟ ಹಿಡಿದು, ಒಲೆಯ ಕಡೆ ಮುಖ ಮಾಡಿ ಕುಡಿದಳು. ಹೋದ ವರ್ಷದಿಂದ ಹಾಗೆ ಕುಡಿಯುವುದೇ ಅವಳಿಗೆ ಅಭ್ಯಾಸವಾಗಿತ್ತು.

ಒಂದು ವಾರ ಅವಳು ಮಗಳ ಹಿಂದೆಯೇ ಕಣ್ಣಿಟ್ಟಳು. ಫೋನ್ ಬಂದರೆ ಕಿವಿ, ಮೆಟ್ಟಿಲು ಹತ್ತಿದರೆ ಹಿಂದೆ ಹೆಜ್ಜೆ. ಶೆಡ್ಡಿನ ಹೆಂಗಸರಿಗೂ ಸುದ್ದಿ ಹರಡಿ, ಓಬಮ್ಮ ಗುಂಡಿ ಹಾಕುತ್ತಲೇ, ‘ಅಮ್ಮಾ, ಪಾಮು ಉಂದಂಟ ಕದಾ?’ ಎಂದು ಹಾವಿನ ವಿಚಾರ ತೆಲುಗಿನಲ್ಲಿ ಕೇಳಿದಳು. ‘ಉಂದಿ, ನೀ ಪನಿ ನುವ್ವು ಚೂಸ್ಕೋ’ ಎಂದು ಗುರುಶಾಂತಮ್ಮ ಅವಳ ಕೆಲಸ ಅವಳು ನೋಡಿಕೊಳ್ಳಲು ಹೇಳಿ ಬಾಯಿ ಮುಚ್ಚಿಸಿದಳು.

ಹಾಗೆ ಕಣ್ಣಿಟ್ಟಿದ್ದರಿಂದಲೇ ಅವಳಿಗೆ ಅದು ಕಂಡಿದ್ದು. ಹಾವು ತಲೆ ಎತ್ತಿದರೆ ಆ ತಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎಡಕ್ಕೆ ವಾಲಿ, ಬಲಕ್ಕೆ ನಡುಗಿ, ಒಮ್ಮೊಮ್ಮೆ ತಿರುಚಿಕೊಂಡು ಗಂಟಲು ಮೇಲಾಗಿ ಸೂರು ನೋಡುತ್ತಿತ್ತು. ಕೆಳಗೆ ಯಂತ್ರಗಳು ಒಟ್ಟಿಗೆ ಶುರುವಾದರಂತೂ ಇನ್ನೂ ಜಾಸ್ತಿ.

ಅವಳು ಕೆಳಗಿಳಿದು ಬಂದು ನೇರ ಸೊಸೆಯನ್ನು ಹಿಡಿದಳು. ‘ಮ್ಯಾಲೆ ಫಿನಾಯಿಲ್ ಹಾಕಿ ಒರೆಸಿದ್ಯೇನು?’

‘ಇಲ್ರಿ. ಆ ರೂಮಿಗೆ ನಾ ಕಾಲ ಇಟ್ಟಿಲ್ಲ.’

‘ಮತ್ತ ಹಾವಿಗೆ ಯಾಕ ವಿಷ ಏರಿದಂಗ ಆಗೈತಿ?’

‘ಹಾವಿಗೆ ವಿಷ ಏರತೈತೇನ್ರಿ ಅತ್ತಿ? ಅದು ಏರಸೋದು!’ ಉಷಾರಾಣಿ ಹಿಟ್ಟಿನ ಕೈಯನ್ನೇ ಸೊಂಟಕ್ಕಿಟ್ಟಳು. ‘ಹಾಲು ಒಡೆದ್ರೂ ನಾನ, ಕರೆಂಟ್ ಹೋದ್ರೂ ನಾನ, ಈಗ ಹಾವು ತಲಿ ಅಲ್ಲಾಡಿಸಿದ್ರೂ ನಾನ!’

ಸಂಜೆ ಅಂಜನಾ ರೊಟ್ಟಿ ಮುರಿಯುತ್ತಾ ಜಗಳ ಬಿಡಿಸಿದಳು. ‘ಯಾರೂ ಏನೂ ಮಾಡಿಲ್ಲ ಅವ್ವ. ಅದು ಹುಟ್ಟಿದಾಗಿಂದ ಹಂಗ ಐತಿ, ಮಿದುಳಿಂದು. ಅದರ ಅಪ್ಪಗೂ ಇತ್ತು. ಆ ಚಿತ್ತಾರ ಚೆಂದ ಅಂತ ಜನ ಅದನ್ನ ಸಾಕ್ತಾರ. ಚಿತ್ತಾರ ಬಂತಂದ್ರ ಅದರ ಜೋಡಿ ನಡುಕನೂ ಬರತೈತಿ. ವಂಶದಾಗ ಇಳಿತಾ ಹೋಗತೈತಿ.’

‘ಔಷಧಿ?’ ಎಂದ ಸಿದ್ದರಾಮೇಶ್.

‘ಇಲ್ಲ. ಸದ್ದು ಮಾಡಬಾರದು, ಮ್ಯಾಲೆ ಹತ್ತಾಕ ಕೊಂಬೆ ಇಡಬಾರದು, ಬೀಳತೈತಿ. ಊಟ ಬಾಯಿ ಹತ್ರನ ಹಿಡಿಬೇಕು, ಇಲ್ಲಾಂದ್ರ ಗುರಿ ತಪ್ಪತೈತಿ. ಇಷ್ಟು ಮಾಡಿದ್ರ ಬದುಕತೈತಿ.’

ಗುರುಶಾಂತಮ್ಮನ ಬಲಗೈ ತಾನಾಗಿಯೇ ಸೆರಗಿನ ಒಳಗೆ ಹೋಯಿತು. ಕಡೆಗಾಲದಲ್ಲಿ ತನ್ನ ಅಪ್ಪನ ತಲೆ ಹಾಗೆಯೇ ಆಡುತ್ತಿತ್ತು. ‘ಒಳಗೊಳಗೇ ಶಿವನಾಮ ಜಪ ಮಾಡ್ತಾರೆ, ಅದಕ್ಕೇ ಆಡ್ತದೆ’ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ಕೈಮುಗಿದು ಹೋಗುತ್ತಿದ್ದರು. ಗುರುಶಾಂತಮ್ಮ ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಮುಂದಿನ ವಾರ ಅಂಜನಾ ಅಂಗಡಿಯ ಕೆಲಸದ ಮೇಲೆ ಅನಂತಪುರಕ್ಕೆ ಹೋಗಬೇಕಾಯಿತು. ಹಾವಿಗೆ ಊಟದ ದಿನ ಅದೇ. ಸಿದ್ದರಾಮೇಶ್ ಇಲಿ ಮುಟ್ಟೆನೆಂದ, ಉಷಾರಾಣಿ ಆ ಮಾತಿಗೇ ಓಕರಿಸಿದಳು. ‘ಯಾರಿಗೂ ತ್ರಾಸು ಬ್ಯಾಡ. ಅದನ್ನ ಕೊಟ್ಟವರ ಬರ್ತಾರ, ತಿನ್ನಿಸಿ ಹೋಗ್ತಾರ’ ಎಂದು ಹೇಳಿ ಅಂಜನಾ ಬಸ್ಸು ಹತ್ತಿದಳು.

ಬರುತ್ತಾನೆ! ಗುರುಶಾಂತಮ್ಮ ಗಂಡನನ್ನು ಏನೋ ನೆಪ ಹೇಳಿ ಪೇಟೆಗೆ ಅಟ್ಟಿದಳು, ಸೊಸೆಯನ್ನು ಶೆಡ್ಡಿಗೆ ಕಳಿಸಿದಳು, ಪಡಸಾಲೆಯ ಬಾಗಿಲ ಸಂದಿನಲ್ಲಿ ಪೊರಕೆ ಹಿಡಿದು ಕಾದು ನಿಂತಳು. ಬರಲಿ ಮಗ. ಯಾವ ಜಾತಿ, ಯಾವ ಊರು, ಯಾವ ಧೈರ್ಯ, ಎಲ್ಲಾ ಕೇಳುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಗೇಟು ಸದ್ದಾಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಒಳಗೆ ಬಂದವನು ಭರತ್. ಅವಳ ಅಣ್ಣನ ಮಗ ಭರತ್!

‘ಏನತ್ತೆ, ಪೊರಕೆ ಇಡ್ಕಂಡು ನಿಂತಿದ್ದೀರ?’

‘ಕಸ ಹೊಡಿಯಾಕತ್ತಿದ್ದೆ’ ಎಂದಳು ಗುರುಶಾಂತಮ್ಮ, ಆಮೇಲೆ ನಗು ತಡೆಯಲಾಗಲಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು! ಕಳ್ಳ ಕಳ್ಳ ಎಂದರೆ ಮನೆಯ ಅಳಿಯನೇ! ಮದುವೆಗೆ ಮೊದಲೇ ಇವರ ನಡುವೆ ಕೊಡು-ಕೊಳ್ಳುವುದು ನಡೆದಿದೆ, ಅದಕ್ಕೇ ಹುಡುಗಿ ಹೆಸರು ಹೇಳಲು ನಾಚಿದ್ದಾಳೆ. ಅವಳ ಎದೆ ಹಗುರವಾಗಿ ಹಿಗ್ಗಿತು. ಮಂಡಕ್ಕಿ ಒಗ್ಗರಣೆ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದು, ಎದುರಿಗೆ ಕೂತು ತಿನ್ನಿಸಿದಳು. ಚಹಾ ಕೊಟ್ಟಳು, ತವರಿನ ಹುಡುಗ, ಕೈ ತಾನಾಗಿಯೇ ಅರ್ಧ ಲೋಟಕ್ಕೆ ನಿಂತಿತು.

‘ಮೊಬೈಲ್ ಅಂಗಡಿ ಹೆಂಗ ನಡದೈತಪ್ಪ?’

‘ರಿಪೇರಿ ಬಿಟ್ಟೆ ಅತ್ತೆ. ಈಗ ಬರೀ ಕವರ್ರು, ರೀಚಾರ್ಜು.’

‘ಯಾಕ? ವ್ಯಾಪಾರ ಇಲ್ಲೇನು?’

‘ಅಪ್ಪ ಹಂಗಂತಾರೆ’ ಎಂದು ಭರತ್ ಎದ್ದ.

ಅಳಿಯನಾಗುವವನ ಜೊತೆ ತಾನೂ ಮೇಲೆ ಹೋದಳು. ಮಡಿ ಕೆಟ್ಟರೆ ಸ್ನಾನ ಮಾಡಿದರಾಯಿತು. ಭರತ್ ಇಲಿಯನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಉದ್ದನೆಯ ಚಿಮಟದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಚಾಚಿದ. ಚಿನ್ನಾರಿ ವಾಸನೆ ಹಿಡಿದು ತಲೆ ಎತ್ತಿತು. ತಲೆ ನಡುಗಿತು. ಚಿಮಟವೂ ನಡುಗಿತು. ಹಾವು ಬಾಯಿ ಹಾಕಿದರೆ ಇಲಿ ಅಲ್ಲಿಲ್ಲ, ಇಲಿ ಅಲ್ಲಿಗೆ ಹೋಗುವಷ್ಟರಲ್ಲಿ ಹಾವು ಗಾಜಿಗೆ ಬಡಿದಿತ್ತು. ಎರಡನೇ ಸಲವೂ ಹಾಗೇ ಆಯಿತು.

ಗುರುಶಾಂತಮ್ಮ ಹಾವನ್ನು ನೋಡುತ್ತಿರಲಿಲ್ಲ. ಹುಡುಗನ ಕೈ ನೋಡುತ್ತಿದ್ದಳು. ಮೊದಲು ಬಂದದ್ದು ಅವಳ ಹಳೆ ಬುದ್ಧಿಯೇ. ‘ಕುಡಿತೀಯೇನೋ ನೀನು?’

‘ಇಲ್ಲ ಅತ್ತೆ. ಕುಡಿಯಾದಾಗಿದ್ರೆ ಬಿಡಬೋದಿತ್ತು.’

‘ಇತ್ತಾಗ ಕೊಡು ನನ್ನ ಕೈಗೆ.’

ಅವಳು ಚಿಮಟ ತೆಗೆದುಕೊಂಡಳು. ಅವಳ ಕೈ ಅವನದಕ್ಕಿಂತ ಜೋರಾಗಿ ಆಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಭರತ್ ಅವಳ ಮಣಿಕಟ್ಟನ್ನು ತನ್ನ ಎರಡೂ ಕೈಯಿಂದ ಹಿಡಿದು ಪೆಟ್ಟಿಗೆಯ ಅಂಚಿಗೆ ಒತ್ತಿ ಹಿಡಿದ. ಆಗ ಚಿಮಟ ನಿಂತಿತು. ಚಿನ್ನಾರಿ ಮೂರನೇ ಸಲಕ್ಕೆ ಕಚ್ಚಿಕೊಂಡಿತು.

‘ಅಪ್ಪಂಗೆ ಹೇಳಿಲ್ಲ’ ಎಂದ ಭರತ್, ಹಾವು ನುಂಗುವುದನ್ನೇ ನೋಡುತ್ತಾ. ‘ಟವಲ್ ಅಡೀಲಿ ಅವ್ರ ಕೈ ಎಂಗೈತೆ ಅಂತ ನಂಗೊತ್ತು. ನಂದು ಅವ್ರಿಗೆ ಗೊತ್ತಿಲ್ಲ. ಈ ಹಾವು ಯಾರಿಗೂ ಬೇಡಾಗಿತ್ತು ಅತ್ತೆ, ತಲೆ ಆಡ್ತದೆ ಅಂತ. ಅದಕ್ಕೇ ತಗಂಡೆ. ಅಪ್ಪ ಹೊಡೆದು ಹಾಕ್ತೀನಿ ಅಂದ್ರು, ಅಂಜನಾ ಹತ್ರ ಬಿಟ್ಟೆ. ನನ್ ಕೈ ವಿಚಾರನೂ ಹೇಳಿದೀನಿ ಅವಳಿಗೆ.’

‘ಏನಂದ್ಲು?’

‘ಏನೂ ಅನ್ನಲಿಲ್ಲ. ಅದೇ ನಂಗೆ ಭಯ.’ ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. ‘ಇಂಥ ಹಾವಿಗೆ ಇಂಥದ್ದನ್ನೇ ಜೋಡಿ ಹಾಕಬಾರದು ಅಂತ ಸಾಕೋರು ಹೇಳ್ತಾರೆ. ಮೊಟ್ಟೇಲೇ ಸಾಯ್ತವಂತೆ. ಹಾವಿಗೂ ಅಷ್ಟು ವಿಚಾರ ಮಾಡ್ತಾರಲ್ಲತ್ತೆ.’

ಅವನು ಸಂಜೆಯ ಬಸ್ಸಿಗೆ ಹೋದ. ಕಲ್ಯಾಣದುರ್ಗದಲ್ಲಿ ಒಂದು, ಪಾವಗಡದಲ್ಲಿ ಒಂದು, ಬಸ್ಸು ಬದಲಿಸಿ ಹೋಗಬೇಕು.

ಅಂದಿನಿಂದ ಗುರುಶಾಂತಮ್ಮನ ಅನುಮಾನ ಬೇರೆ ಯಾರ ಮನೆಗೂ ಹೋಗಲಿಲ್ಲ. ಮಗಳ ಕೈಯ ಮೇಲೇ ಕೂತಿತು. ಅಂಜನಾ ಸಾರು ಬಡಿಸಿದರೆ ಸೌಟು ನೋಡುತ್ತಾಳೆ, ದೀಪ ಹಚ್ಚಿದರೆ ಕಡ್ಡಿ ನೋಡುತ್ತಾಳೆ. ಬಟ್ಟಲು ಕೈ ಜಾರಿ ಬಿದ್ದರೆ ಇವಳ ಜೀವವೇ ಬೀಳುತ್ತದೆ. ಹಾಲಿನವನು ಆ ದಿನಗಳಲ್ಲಿ ಎಷ್ಟು ನೀರು ಬೆರೆಸಿದನೋ, ಕೇಳುವವರಿರಲಿಲ್ಲ. ಕಡೆಗೆ ಒಂದು ಸಂಜೆ ಸೂಜಿ, ದಾರ ತಂದು ಮಗಳ ಮುಂದೆ ಹಿಡಿದಳು.

‘ಪೋಣಿಸಿ ಕೊಡು. ನನಗ ಕಣ್ಣು ಕಾಣವಲ್ದು.’

ಅಂಜನಾ ಒಂದೇ ಸಲಕ್ಕೆ ಪೋಣಿಸಿದಳು. ಗುರುಶಾಂತಮ್ಮ ಉಸಿರು ಬಿಟ್ಟಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

‘ಪರೀಕ್ಷಾ ಮಾಡಿದ್ಯೇನವ್ವ?’ ಅಂಜನಾ ಸೂಜಿ ಹಿಂದಕ್ಕೆ ಕೊಡಲಿಲ್ಲ. ‘ನಾನೂ ದಿನಾ ಮಾಡ್ಕಂತೀನಿ. ಇವತ್ತು ಸೇರಿತು. ಭರತ್ ಬಾವಗೂ ಹೋದ ವರ್ಷದ ತನಕ ಸೇರತಿತ್ತು.’

‘ಬಾಯಿ ಮುಚ್ಚು, ಬಿಡ್ತು ಅನ್ನು!... ಮತ್ತ ಯಾಕ ಸುಮ್ಮಗಿದ್ದಿ? ಈ ಲಗ್ನ ಬ್ಯಾಡ ಅನ್ನಬಾರದೇನು?’

‘ಹೆಂಗ ಅನ್ನಲಿ? ಬಾವ ಬ್ಯಾಡ ಅಂದ್ರ ಅವನ ರೋಗ ಬಯಲಾಗತೈತಿ. ಮುಂದ ಅವನಿಗೆ ಯಾರು ಹೆಣ್ಣು ಕೊಡ್ತಾರ? ನಾ ಬ್ಯಾಡ ಅಂದ್ರ ಮಾವ ಸಿಟ್ಟಾಗಿ ನಿನಗ ತವರು ಇಲ್ದಂಗ ಮಾಡ್ತಾನ. ಒಂದು ಕುಬಸ ಕೊಡವರು ಇರದಿಲ್ಲ ನಿನಗ.’

ಅದು ಸುಳ್ಳಲ್ಲ. ಅಣ್ಣನ ಸಿಟ್ಟು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು, ಅದನ್ನು ಮಗಳ ಮುಂದೆ ಹೇಳಲಾಗಲಿಲ್ಲ. ಬಾಯಿ ಬಿಟ್ಟರೆ ತನ್ನ ಕೈಯೂ ಬಯಲಾಗುತ್ತದೆ. ರೋಗದ ಮನೆಯ ಹೆಣ್ಣನ್ನು ಗುಟ್ಟು ಮಾಡಿ ನನ್ನ ಕೊರಳಿಗೆ ಕಟ್ಟಿದಿರಿ ಎಂದು ಕೊಟ್ರಬಸಪ್ಪ ಅಂದರೆ? ಮೂವತ್ತು ವರ್ಷದ ಸಂಸಾರಕ್ಕೆ ಅಷ್ಟು ಮಾತು ಸಾಕು. ಅವಳು ಎರಡು ರಾತ್ರಿ ಹೊಟ್ಟೆ ನೋವೆಂದು ಹೇಳಿ ಉಣ್ಣದೆ ಮಲಗಿದಳು.

ಶ್ರಾವಣದ ಸೋಮವಾರ ದೊಡ್ಡಬಸಪ್ಪ ಬಂದ. ಹೆಂಡತಿ, ಭರತ್, ಒಂದು ಬುಟ್ಟಿ ತುಂಬಾ ಅಕ್ಕಿ, ತೆಂಗಿನಕಾಯಿ, ಹಸಿರು ಸೀರೆ. ರೇಷ್ಮೆ ಗೂಡಿನ ವ್ಯಾಪಾರಿ, ಬಿಳಿ ಪಂಚೆ, ಹೆಗಲಿನ ಟವಲ್ಲಿನ ತುದಿ ಯಾವಾಗಿನಂತೆ ಬಲಗೈಯ ಮೇಲೆ ಮುಚ್ಚಿತ್ತು. ಕುರ್ಚಿಯಲ್ಲಿ ಕೂತವನೇ ತಕರಾರು ತೆಗೆದ.

‘ಏನಮ್ಮಯ್ಯ, ಆ ಹಾವನ್ನ ಮನೇಲಿ ಇಟ್ಕಂಡಿದ್ದೀಯಂತೆ?’

ಗುರುಶಾಂತಮ್ಮ ತಿರುಗಿ ಸೊಸೆಯನ್ನು ನೋಡಿದಳು. ‘ನಾ ಅಲ್ರಿ ಅತ್ತಿ!’ ಎಂದಳು ಉಷಾರಾಣಿ.

‘ನಾನ ಫೋನಿನಾಗ ಹೇಳಿದ್ದು. ಅದರಾಗೇನು ಗುಟ್ಟು?’ ಎಂದ ಕೊಟ್ರಬಸಪ್ಪ.

‘ತಲೆ ಅಲ್ಲಾಡಿಸೋ ಹಾವು ಮದ್ವೆ ಮನೇಲಿ ಇರಬಾರದು ಕಣಮ್ಮ’ ಎಂದ ದೊಡ್ಡಬಸಪ್ಪ. ‘ನಾಳೆ ಹುಟ್ಟೋ ಮಕ್ಳಿಗೆ ಬತ್ತದೆ. ಮೊದ್ಲು ಅದನ್ನ ಸಾಗಹಾಕು, ಆಮೇಲೆ ಉಡಿ ತುಂಬೋ ಮಾತು.’

ಅಂಜನಾ ತಲೆ ತಗ್ಗಿಸಿದಳು. ಭರತ್ ಗೋಡೆ ನೋಡಿದ. ಗುರುಶಾಂತಮ್ಮ ಅಡುಗೆಮನೆಗೆ ಹೋದಳು. ಚಹಾ ಸೋಸಿದಳು. ಎಲ್ಲಾ ಲೋಟಗಳನ್ನೂ ಅಂಚಿನವರೆಗೆ ತುಂಬಿದಳು.

‘ಅತ್ತಿ, ಮಡಕಶಿರಾದವರಿಗೂ ಇಷ್ಟು ತುಂಬ ಹಾಕ್ತೀರೇನ್ರಿ? ಕೊಡ್ರಿ, ನಾ ಒಯ್ತೀನಿ.’

‘ಬ್ಯಾಡ. ಇವತ್ತು ನಾನ ಒಯ್ಬೇಕು.’

ಎರಡು ಕೈ ಹಚ್ಚದೆ, ಬಲಗೈಯಲ್ಲೇ ಒಂದೊಂದು ಲೋಟ ಎತ್ತಿ ಕೊಟ್ಟಳು. ಬಿಸಿ ಚಹಾ ಅವಳ ಬೆರಳ ಮೇಲೆ, ಸೀರೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಕೊಟ್ರಬಸಪ್ಪ ಕುಡಿಯುತ್ತಾ ಕುಡಿಯುತ್ತಾ ಅವಳ ಕೈಯನ್ನೇ ನೋಡಿದ. ಕಡೆಯದನ್ನು ಅಣ್ಣನ ಮುಂದೆ ಹಿಡಿದಳು.

‘ತಗಾ ಅಣ್ಣ.’

‘ಅಲ್ಲಿಡು, ಆರ್ಲಿ.’

‘ಆರಿದ ಮೇಲೂ ನೀನು ಎತ್ತಕ್ಕಿಲ್ಲ.’ ರಾಯದುರ್ಗದ ಮಾತು ಅವಳ ಬಾಯಿಂದ ಹೋಗಿ ಹುಟ್ಟಿದೂರಿನ ಮಾತು ಬಂದಿತ್ತು. ‘ನಮ್ಮನೇಲಿ ಯಾರೂ ತುಂಬಿದ ಲೋಟ ಎತ್ತಕ್ಕಿಲ್ಲ. ದುರಾಸೆ ಅಂತಲ್ಲ ಕಣೋ. ಚೆಲ್ತದೆ ಅಂತ. ಅಪ್ಪ ಜಪ ಮಾಡ್ತಿರಲಿಲ್ಲ. ಅಪ್ಪಂಗಿತ್ತು, ನಿಂಗೈತೆ, ನೋಡು, ನಂಗೂ ಬಂದೈತೆ.’ ಅವಳು ಲೋಟವನ್ನು ಅವನ ಮುಂದಿಟ್ಟು, ಕೈಯನ್ನು ಎಲ್ಲರ ನಡುವೆ ಚಾಚಿದಳು. ‘ಇದು ಹಾವಿಂದ ಬರೋದಲ್ಲ. ನಮ್ಮ ರಕ್ತದಲ್ಲೇ ಐತೆ. ನನ್ ಮಗಳಿಗೂ ನಿನ್ ಮಗನಿಗೂ ಈ ಮದ್ವೆ ಬ್ಯಾಡ. ಟವಲ್ ತೆಗಿ ಅಣ್ಣ.’

ದೊಡ್ಡಬಸಪ್ಪ ಎದ್ದು ನಿಂತ. ‘ಬೀಗರ ಮುಂದೆ ನನ್ ಮರ್ಯಾದೆ ಕಳಿಯಕ್ಕೆ ಕರೆಸಿದ್ಯಾ? ನನ್ ಮಗನಿಗೆ ಏನಾಗೈತೆ? ಬಂಗಾರದಂಗವ್ನೆ! ಇವತ್ತಿಗೆ ನಿಂಗೆ ತವರಿಲ್ಲ ಅನ್ಕೋ!’

‘ಅಪ್ಪಾ’ ಎಂದ ಭರತ್. ತನ್ನ ತುಂಬಿದ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ ಬಾಯಿಗೆ ಒಯ್ದ. ದಾರಿಯಲ್ಲೇ ಅರ್ಧ ಅವನ ಬಿಳಿ ಅಂಗಿಯ ಮೇಲೆ ಸುರಿಯಿತು. ‘ಯಾಪಾರ ಇಲ್ದೆ ರಿಪೇರಿ ಬಿಡ್ಲಿಲ್ಲ ನಾನು.’

ಅವನ ತಾಯಿ ಮಡಿಲಿನ ತೆಂಗಿನಕಾಯಿಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿದಳು. ದೊಡ್ಡಬಸಪ್ಪ ಮಗನ ಕೈ ನೋಡಿದ, ಅಂಗಿ ನೋಡಿದ, ಹಾಗೆಯೇ ಕುಸಿದು ಕೂತ. ಟವಲ್ಲು ತಾನಾಗಿಯೇ ಜಾರಿತು. ಮೊಣಕಾಲಿನ ಮೇಲೆ ಅವನ ಕೈ ಬಡಬಡ ಬಡಿಯುತ್ತಿತ್ತು.

ಗುರುಶಾಂತಮ್ಮ ಗಂಡನ ಕಡೆ ತಿರುಗಲಿಲ್ಲ. ಈಗ ಬರುತ್ತದೆ ಮಾತು ಎಂದು ಬೆನ್ನು ಬಿಗಿ ಹಿಡಿದು ನಿಂತಳು. ಕುರ್ಚಿ ಸರಿದ ಸದ್ದಾಯಿತು. ಕೊಟ್ರಬಸಪ್ಪ ಎದ್ದು ಬಂದ, ಹೆಂಡತಿಯ ಅಣ್ಣನ ಮುಂದಿದ್ದ ತುಂಬಿದ ಲೋಟ ಎತ್ತಿಕೊಂಡ, ಅದರಲ್ಲಿ ಅರ್ಧವನ್ನು ತನ್ನ ಖಾಲಿ ಲೋಟಕ್ಕೆ ಬಗ್ಗಿಸಿಕೊಂಡ. ಉಳಿದ ಅರ್ಧವನ್ನು ದೊಡ್ಡಬಸಪ್ಪನ ಎರಡೂ ಕೈಗೆ ಹಿಡಿಸಿ, ಅವನು ಬಿಗಿಯಾಗಿ ಹಿಡಿಯುವವರೆಗೆ ತಾನೂ ಹಿಡಿದುಕೊಂಡ.

‘ಅರ್ಧ ಸಾಕು ಬಾವಾ. ಕುಡೀರಿ, ಆರತೈತಿ.’ ಆಮೇಲೆ ಹೆಂಡತಿಯ ಕಡೆ ತಿರುಗಿ ಗದರಿದ, ‘ಕೈ ಸುಟ್ಕೊಂಡಿ ನೋಡು. ಇಷ್ಟು ತುಂಬು ಅಂತ ನಿನಗ ಯಾರು ಹೇಳಿದ್ರು?’

ಆ ಗದರಿಕೆಯಲ್ಲಿ ತಾನು ಹೆದರಿದ್ದ ಮಾತೇನಾದರೂ ಇರಬಹುದೇ ಎಂದು ಗುರುಶಾಂತಮ್ಮ ಅವನ ಮುಖವನ್ನು ಬಹಳ ಹೊತ್ತು ಹುಡುಕಿದಳು. ಏನೂ ಸಿಗಲಿಲ್ಲ.